ಹಾಲ್ ತುಂಬಿದ್ದರೂ ನಾಟಕ ಯಾಕೆ ನಿಲ್ಲುತ್ತದೆ?

ಪ್ರಿಯ ಓದುಗರೇ,

ನಿಮ್ಮ ಪತ್ರ ಓದಿ ಖುಷಿಯಾಯಿತು. ಸಂಗೀತ ನಾಟಕಗಳ ಬಗ್ಗೆ ಇಷ್ಟು ಅಕ್ಕರೆಯಿಂದ ಬರೆಯುವವರು ಕಡಿಮೆ. ನಿಮ್ಮ ಪ್ರಶ್ನೆಯನ್ನು ಉಳಿದ ಓದುಗರಿಗೂ ಹೇಳಿಬಿಡುತ್ತೇನೆ. ನ್ಯೂಯಾರ್ಕಿನ ರಂಗಮಂದಿರಗಳ ನೆಲೆಯಾದ ಬ್ರಾಡ್‌ವೇಯಲ್ಲಿ ‘ದಿ ಫ್ಯಾಂಟಮ್ ಆಫ್ ದಿ ಆಪೆರಾ’ 35 ವರ್ಷ ನಡೆದು 2023ರಲ್ಲಿ ನಿಂತಿತು. ಕೊನೆಯ ವಾರಗಳಲ್ಲಿ ಟಿಕೆಟ್ ಸಿಗುತ್ತಿರಲಿಲ್ಲ. ಹಾಗಿದ್ದ ಮೇಲೆ ನಿಲ್ಲಿಸಿದ್ದೇಕೆ, ಜನರ ಅಭಿರುಚಿ ಕೆಟ್ಟಿದೆಯೋ, ವಿಮರ್ಶಕರು ಒಳ್ಳೆಯ ನಾಟಕಗಳನ್ನು ಕೊಲ್ಲುತ್ತಿದ್ದಾರೋ ಅಂತ ಕೇಳಿದ್ದೀರಿ. ಮುಂದಿನ ವರ್ಷ ಅಲ್ಲಿಗೆ ಹೋಗುವವರು ನೀವು. ನೋಡಬೇಕು ಅಂದುಕೊಂಡ ನಾಟಕ ಅಷ್ಟು ದಿನ ಉಳಿದಿರುತ್ತದೆಯೇ ಎಂಬ ಚಿಂತೆಯೂ ನಿಮಗಿದೆ.

ಫ್ಯಾಂಟಮ್‌ನಿಂದಲೇ ಶುರು ಮಾಡೋಣ. ನೀವು ಹೇಳುವ ಆ ನೂಕುನುಗ್ಗಲು, ನಾಟಕ ನಿಲ್ಲುತ್ತದೆ ಎಂಬ ಸುದ್ದಿ ಬಂದ ಮೇಲೆ ಆದದ್ದು. 2022ರ ಸೆಪ್ಟೆಂಬರ್‌ನಲ್ಲಿ ಸುದ್ದಿ ಹೊರಬಿತ್ತು. ಕೂಡಲೇ ಟಿಕೆಟ್‌ಗೆ ಮುಗಿಬಿದ್ದರು. ಫೆಬ್ರವರಿಗೆ ಮುಗಿಯಬೇಕಿದ್ದದ್ದು ಏಪ್ರಿಲ್ 16ರವರೆಗೆ ಹೋಯಿತು. ಕೊನೆಯ ವಾರದ ಗಳಿಕೆ 30 ಲಕ್ಷ ಡಾಲರ್ ದಾಟಿತು. ಆದರೆ ಅದಕ್ಕೂ ಮುಂಚಿನ ತಿಂಗಳುಗಳ ಕಥೆ ಬೇರೆ. ನಾಟಕ ನಡೆಸಲು ವಾರಕ್ಕೆ ಸುಮಾರು 9.5 ಲಕ್ಷ ಡಾಲರ್ ಬೇಕು ಅಂತ ನಿರ್ಮಾಪಕರೇ ಹೇಳಿದ್ದರು. ಅಷ್ಟು ಹುಟ್ಟದ ವಾರಗಳು ಜಾಸ್ತಿಯಾಗುತ್ತಿದ್ದವು.

ಈ ಮೊತ್ತವನ್ನು ಒಂದಿಷ್ಟು ಬಿಡಿಸಿ ನೋಡಿ. ಫ್ಯಾಂಟಮ್ ನಡೆಯುತ್ತಿದ್ದ ಮೆಜೆಸ್ಟಿಕ್ ಥಿಯೇಟರ್‌ನಲ್ಲಿ ಸುಮಾರು 1,600 ಸೀಟು. ಬ್ರಾಡ್‌ವೇಯಲ್ಲಿ ವಾರಕ್ಕೆ 8 ಪ್ರದರ್ಶನ. ಅಂದರೆ ವಾರವೊಂದಕ್ಕೆ 13 ಸಾವಿರದಷ್ಟು ಟಿಕೆಟ್. ಎಲ್ಲವೂ ಮಾರಿಹೋದರೂ ಒಂದು ಟಿಕೆಟ್‌ನಿಂದ ಸರಾಸರಿ 73 ಡಾಲರ್ ಬಂದರೆ ಮಾತ್ರ ಖರ್ಚು ಸರಿದೂಗುತ್ತದೆ. ಐದರಲ್ಲಿ ಒಂದು ಸೀಟು ಖಾಲಿ ಉಳಿದರೆ ಆ ಸರಾಸರಿ 90 ಡಾಲರ್ ದಾಟಬೇಕು. ಖಾಲಿ ಸೀಟು ತುಂಬಿಸಲು ರಿಯಾಯಿತಿ ಕೊಟ್ಟರೆ ಸರಾಸರಿ ಕೆಳಗಿಳಿಯುತ್ತದೆ. ಟೈಮ್ಸ್ ಸ್ಕ್ವೇರ್‌ನಲ್ಲಿ 1973ರಿಂದಲೂ ಅದೇ ದಿನದ ಟಿಕೆಟ್‌ಗಳನ್ನು ಅರ್ಧ ಬೆಲೆಯವರೆಗೂ ಇಳಿಸಿ ಮಾರುವ ಕಟ್ಟೆಯೊಂದಿದೆ. ಅಲ್ಲಿ ಕೊಂಡವರಿಂದ ಹಾಲ್ ತುಂಬಬಹುದು, ಗಲ್ಲಾಪೆಟ್ಟಿಗೆ ತುಂಬಬೇಕೆಂದಿಲ್ಲ. ಹೊರಗಿನಿಂದ ನೋಡುವ ನಮಗೆ ಹೌಸ್‌ಫುಲ್ ಬೋರ್ಡ್ ಕಾಣುತ್ತದೆ. ನಿರ್ಮಾಪಕರಿಗೆ ಕಾಣುವುದು ಸರಾಸರಿ ಬೆಲೆ.

ಖರ್ಚು ಅಷ್ಟೊಂದು ಯಾಕೆ ಅಂತ ನೀವು ಕೇಳಬಹುದು. ಫ್ಯಾಂಟಮ್‌ನಲ್ಲಿ 27 ಜನರ ವಾದ್ಯವೃಂದವಿತ್ತು. ದೊಡ್ಡ ನಟವರ್ಗ, ಭಾರಿ ರಂಗಸಜ್ಜಿಕೆ, ಉಡುಪು ನೋಡಿಕೊಳ್ಳುವವರು, ತೆರೆಯ ಹಿಂದಿನ ಕೆಲಸಗಾರರು. ಥಿಯೇಟರ್ ಬಾಡಿಗೆ, ಜಾಹೀರಾತು, ಬರೆದವರಿಗೂ ಸಂಗೀತ ಕೊಟ್ಟವರಿಗೂ ಹೋಗುವ ಗೌರವಧನ. ಎಷ್ಟು ಜನ ಬಂದರು ಎಂಬುದರ ಮೇಲೆ ಇವುಗಳಲ್ಲಿ ಬಹುಪಾಲು ಬದಲಾಗುವುದಿಲ್ಲ. ಐನೂರು ಜನ ಬಂದ ರಾತ್ರಿಯೂ ಅಷ್ಟೇ ವಾದ್ಯಗಾರರು ಕೂತು ನುಡಿಸಬೇಕು, ಅಲ್ವಾ?

ಇದಕ್ಕೆ ತದ್ವಿರುದ್ಧ ‘ಶಿಕಾಗೊ’. 1996ರಲ್ಲಿ ಮತ್ತೆ ರಂಗಕ್ಕೆ ಬಂದದ್ದು ಇವತ್ತಿಗೂ ನಡೆಯುತ್ತಿದೆ. ರಂಗಸಜ್ಜಿಕೆ ಅಂತ ಹೆಚ್ಚೇನೂ ಇಲ್ಲ. ವಾದ್ಯದವರು ವೇದಿಕೆಯ ಮೇಲೇ ಕೂರುತ್ತಾರೆ, ನಟರಿಗೆ ಕಪ್ಪು ಉಡುಪು. ಖರ್ಚು ಕಡಿಮೆ ಇರುವುದರಿಂದ ಬಡ ವಾರಗಳನ್ನು ದಾಟುತ್ತದೆ. ಮಾರಾಟ ಸೊರಗಿದಾಗ ಹೆಸರಾಂತ ಕಲಾವಿದರೊಬ್ಬರನ್ನು ಕೆಲವು ವಾರಗಳ ಮಟ್ಟಿಗೆ ಕರೆತರುತ್ತಾರೆ. ಇನ್ನೊಂದು ತುದಿಯಲ್ಲಿ ‘ಸ್ಪೈಡರ್‌ಮ್ಯಾನ್: ಟರ್ನ್ ಆಫ್ ದಿ ಡಾರ್ಕ್’ ಇದೆ. ಕಟ್ಟಲು ಹಿಡಿದದ್ದು ಸುಮಾರು 7.5 ಕೋಟಿ ಡಾಲರ್, ವಾರದ ಖರ್ಚು 10 ಲಕ್ಷಕ್ಕೂ ಮೇಲೆ. 2011ರ ಕ್ರಿಸ್‌ಮಸ್ ರಜೆಯ ಒಂದೇ ವಾರದಲ್ಲಿ 29 ಲಕ್ಷ ಡಾಲರ್ ಗಳಿಸಿ, ಅಲ್ಲಿಯವರೆಗೆ ಬ್ರಾಡ್‌ವೇ ಕಂಡಿರದ ದಾಖಲೆ ಬರೆಯಿತು. ಅದಾಗಿ ಎರಡು ವರ್ಷಕ್ಕೆ, 2014ರ ಜನವರಿಯಲ್ಲಿ ಬಾಗಿಲು ಹಾಕಿತು. ಹೂಡಿದ ಹಣದ ಹೆಚ್ಚು ಭಾಗ ಹಿಂದಿರುಗಲೇ ಇಲ್ಲ.

ಹಾಗಂತ ಗಳಿಕೆ ಕುಸಿದ ಕೂಡಲೇ ನಿರ್ಮಾಪಕರು ನಿಲ್ಲಿಸಿಬಿಡುತ್ತಾರೆ ಅಂದುಕೊಳ್ಳಬೇಡಿ. ಅವರಿಗೆ ಇಷ್ಟವಿಲ್ಲದಿದ್ದರೂ ನಿಲ್ಲಬೇಕಾಗುವುದುಂಟು. ಬ್ರಾಡ್‌ವೇ ಥಿಯೇಟರ್‌ಗಳು 41. ಅವುಗಳಲ್ಲಿ ಹೆಚ್ಚಿನವು ಮೂರೇ ಕಂಪನಿಗಳ ಕೈಯಲ್ಲಿವೆ. ಸಾಮಾನ್ಯವಾಗಿ ಬಾಡಿಗೆ ಒಪ್ಪಂದದಲ್ಲೇ ಒಂದು ಷರತ್ತು ಇರುತ್ತದೆ. ಗಳಿಕೆ ಸತತ ಎರಡು ವಾರ ನಿಗದಿತ ಮಟ್ಟಕ್ಕಿಂತ ಕೆಳಗಿಳಿದರೆ ಮಾಲೀಕರು ಜಾಗ ಖಾಲಿ ಮಾಡಿಸಬಹುದು. ಹೊಸ ನಾಟಕವೊಂದು ಥಿಯೇಟರ್‌ಗಾಗಿ ಕಾಯುತ್ತಿದ್ದರೆ ಈ ಷರತ್ತು ಜೀವ ಪಡೆಯುತ್ತದೆ.

ಇನ್ನು ಟಿಕೆಟ್ ಮಾರಾಟ. ಮೊದಲನೆಯದಾಗಿ ತಿಂಗಳು ಯಾವುದು ಎಂಬುದು ಮುಖ್ಯ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಸುಗ್ಗಿ. ಅದು ಮುಗಿಯಿತೋ, ಜನವರಿ, ಫೆಬ್ರವರಿ ಒಣ ತಿಂಗಳುಗಳು. ಬೇಸಿಗೆ ಮುಗಿದು ಶಾಲೆ ಶುರುವಾದಾಗ ಸೆಪ್ಟೆಂಬರ್‌ನಲ್ಲೂ ಹಾಗೆಯೇ. ಜನವರಿಯ ಮೊದಲ ವಾರಗಳಲ್ಲಿ ಒಂದರ ಹಿಂದೊಂದು ನಾಟಕ ಮುಗಿಯುವುದು ಇದಕ್ಕೇ. ಹಬ್ಬದ ಗಳಿಕೆ ಕೈಗೆ ಬಂದಿರುತ್ತದೆ, ಮುಂದಿನ ಎರಡು ತಿಂಗಳ ನಷ್ಟ ಹೊರುವ ಶಕ್ತಿ ಇರುವುದಿಲ್ಲ. ಪ್ರೇಕ್ಷಕರಲ್ಲಿ ಅರ್ಧಕ್ಕೂ ಹೆಚ್ಚು ಜನ ಪ್ರವಾಸಿಗರು. ಹಾಗಾಗಿ ನಗರಕ್ಕೆ ಜನ ಬರುವುದು ನಿಂತರೆ ಎಂಥ ನಾಟಕವೂ ತತ್ತರಿಸುತ್ತದೆ. 2020ರ ಮಾರ್ಚ್ 12ರಂದು ಮುಚ್ಚಿದ ಬ್ರಾಡ್‌ವೇಯಲ್ಲಿ ದೊಡ್ಡ ನಾಟಕಗಳು ಮತ್ತೆ ಶುರುವಾಗಲು 2021ರ ಸೆಪ್ಟೆಂಬರ್ ಬರಬೇಕಾಯಿತು. ಆಮೇಲೂ ಪ್ರವಾಸಿಗರು ಹಿಂದಿನಷ್ಟು ಬರಲಿಲ್ಲ, ಖರ್ಚು ಮಾತ್ರ ಏರಿತ್ತು. ಫ್ಯಾಂಟಮ್ ಸಿಕ್ಕಿಕೊಂಡದ್ದು ಇಲ್ಲೇ.

ಎರಡನೆಯದು ತಾರೆಯರು. 2022ರಲ್ಲಿ ‘ಫನ್ನಿ ಗರ್ಲ್’ ಮಾರಾಟ ಇಳಿಯುತ್ತಿತ್ತು. ಸೆಪ್ಟೆಂಬರ್‌ನಲ್ಲಿ ಮುಖ್ಯ ಪಾತ್ರಕ್ಕೆ ನಟಿ ಲಿಯಾ ಮಿಶೆಲ್ ಬಂದರು. ಅದೇ ನಾಟಕ, ಅದೇ ಹಾಡುಗಳು, ಗಳಿಕೆ ಮಾತ್ರ ಜಿಗಿಯಿತು. ಅವರ ಅವಧಿ ಮುಗಿದಾಗ, 2023ರ ಸೆಪ್ಟೆಂಬರ್ 3ರಂದು, ನಾಟಕವನ್ನೂ ಮುಗಿಸಿದರು. ಗಾಯಕ ಜೋಶ್ ಗ್ರೋಬನ್ 2017ರ ಜುಲೈನಲ್ಲಿ ಬಿಟ್ಟುಹೋದ ಮೇಲೆ ‘ನತಾಶಾ, ಪಿಯರ್ ಅಂಡ್ ದಿ ಗ್ರೇಟ್ ಕಾಮೆಟ್ ಆಫ್ 1812’ ಎರಡೇ ತಿಂಗಳಲ್ಲಿ ನಿಂತಿತು. ಅವರ ನಂತರ ಬಂದ ನಟನನ್ನು ಬದಲಿಸುವ ವಿಚಾರದಲ್ಲಿ ವಿವಾದವೂ ಎದ್ದಿತ್ತು. ತಾರೆಯ ಹೆಸರಿನ ಮೇಲೆ ನಾಟಕ ಮಾರುವುದು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಬದಲಿ ಕಲಾವಿದರು ಎಷ್ಟು ಚೆನ್ನಾಗಿ ಹಾಡಿದರೂ ಅವರಿಗೆ ನ್ಯಾಯ ಸಿಗುವುದು ಕಷ್ಟ.

ವಿಮರ್ಶಕರ ಮೇಲೆ ನಿಮಗೆ ಕೋಪವಿದೆ. ಸಣ್ಣ ನಾಟಕಕ್ಕೆ, ಹೆಸರಿಲ್ಲದ ನಾಟಕಕ್ಕೆ ಕೆಟ್ಟ ವಿಮರ್ಶೆ ನಿಜಕ್ಕೂ ಪೆಟ್ಟು ಕೊಡುತ್ತದೆ. ಆದರೆ ಅವರ ಮಾತೇ ಕೊನೆಯಲ್ಲ. ‘ವಿಕೆಡ್’ 2003ರಲ್ಲಿ ಬಂದಾಗ ವಿಮರ್ಶೆಗಳು ಮಿಶ್ರವಾಗಿದ್ದವು. ಅತ್ಯುತ್ತಮ ಮ್ಯೂಸಿಕಲ್‌ಗೆ, ಅಂದರೆ ಸಂಗೀತ ನಾಟಕಕ್ಕೆ, ಕೊಡುವ ಟೋನಿ ಪ್ರಶಸ್ತಿ ‘ಅವೆನ್ಯೂ ಕ್ಯೂ’ ಎಂಬ ಇನ್ನೊಂದು ನಾಟಕದ ಪಾಲಾಯಿತು. ನೋಡಿದವರು ಇನ್ನೊಬ್ಬರಿಗೆ ಹೇಳಿದರು, ಅವರು ಮಕ್ಕಳನ್ನು ಕರೆದುಕೊಂಡು ಬಂದರು. ಎರಡು ದಶಕ ದಾಟಿದರೂ ಅದು ನಡೆಯುತ್ತಲೇ ಇದೆ. ಸಾಮಾನ್ಯವಾಗಿ ಜೂನ್‌ನಲ್ಲಿ ಕೊಡುವ ಈ ಪ್ರಶಸ್ತಿ ಸಿಗದೆ ಆ ತಿಂಗಳು ಮುಗಿಯುವುದರೊಳಗೆ ನಿಂತ ನಾಟಕಗಳೂ ಇವೆ. ಆದರೆ ಅವುಗಳಲ್ಲಿ ಎಷ್ಟೋ ಮೊದಲೇ ಸೋತಿದ್ದವು, ಪ್ರಶಸ್ತಿಯ ಆಸೆಯಿಂದ ಉಸಿರು ಹಿಡಿದುಕೊಂಡಿದ್ದವು.

ಅಭಿರುಚಿ ಕೆಟ್ಟಿದೆ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಐದು ಮ್ಯೂಸಿಕಲ್‌ಗಳಲ್ಲಿ ಒಂದು ಮಾತ್ರ ಹಾಕಿದ ಹಣ ಹಿಂದಿರುಗಿಸುತ್ತದೆ ಎಂಬ ಮಾತು ಬ್ರಾಡ್‌ವೇಯಲ್ಲಿ ಬಹಳ ಕಾಲದಿಂದ ಇದೆ. ನೀವು ‘ಆ ಕಾಲ’ ಅಂತ ನೆನೆಯುವ ದಿನಗಳಲ್ಲೂ ಸೋಲು ಸಾಮಾನ್ಯವೇ ಆಗಿತ್ತು. ‘ಮೆರಿಲಿ ವಿ ರೋಲ್ ಅಲಾಂಗ್’ 1981ರಲ್ಲಿ ಉದ್ಘಾಟನೆಯಾಗಿ 16 ಪ್ರದರ್ಶನಕ್ಕೇ ನಿಂತಿತು. 2023ರಲ್ಲಿ ಅದನ್ನೇ ಮತ್ತೆ ರಂಗಕ್ಕೆ ತಂದಾಗ ಟಿಕೆಟ್‌ಗೆ ಪರದಾಟ, ಹೂಡಿದ ಹಣವೂ ಹಿಂದಿರುಗಿತು. ಇಂದಿನ ಪ್ರೇಕ್ಷಕರೇ ಅದನ್ನು ಗೆಲ್ಲಿಸಿದ್ದು. ಆ ನಾಟಕ 2024ರ ಜುಲೈನಲ್ಲಿ ನಿಂತಿತು ನಿಜ, ಅದು ಮೊದಲೇ ಗೊತ್ತುಮಾಡಿದ್ದ ಅವಧಿ ಮುಗಿದದ್ದರಿಂದ. ಅದನ್ನೂ ನಷ್ಟದಿಂದ ನಿಂತವುಗಳ ಜೊತೆ ಸೇರಿಸಿ ಎಣಿಸಬಾರದು.

ಪ್ರೇಕ್ಷಕರು ಏನು ಮಾಡಬಹುದು ಅಂತಲೂ ಕೇಳಿದ್ದೀರಿ. ನಿರ್ಮಾಪಕರು ಇವತ್ತಿನ ಹಾಲ್‌ಗಿಂತ ಹೆಚ್ಚಾಗಿ ಮುಂದಿನ ತಿಂಗಳುಗಳಿಗೆ ಎಷ್ಟು ಟಿಕೆಟ್ ಹೋಗಿದೆ ಎಂಬುದನ್ನು ನೋಡುತ್ತಾರೆ. ಆ ಮುಂಗಡ ಹಣ ತೆಳ್ಳಗಾದಾಗಲೇ ನಿಲ್ಲಿಸುವ ಮಾತು ಶುರುವಾಗುವುದು. ಆದ್ದರಿಂದ ಕೊನೆಯ ವಾರದ ಸುದ್ದಿ ಕೇಳಿ ದುಬಾರಿ ಬೆಲೆಗೆ ಕೊಳ್ಳುವ ಒಂದು ಟಿಕೆಟ್‌ಗಿಂತ, ಫೆಬ್ರವರಿಯ ವಾರದ ನಡುವಿನ ಪ್ರದರ್ಶನಕ್ಕೆ ಈಗಲೇ ಕೊಳ್ಳುವ ಟಿಕೆಟ್ ನಾಟಕಕ್ಕೆ ಜಾಸ್ತಿ ಉಪಕಾರ ಮಾಡುತ್ತದೆ. ನಿಮಗೂ ಆಗ ಬೆಲೆ ಕಡಿಮೆ ಬೀಳುತ್ತದೆ. ಅಲ್ಲಿಗೆ ಹೋದ ಮೇಲೆ ಇನ್ನೊಂದು ನಾಟಕ ನೋಡುವ ಮನಸ್ಸಾದರೆ ಥಿಯೇಟರ್‌ನ ಕೌಂಟರ್‌ಗೇ ಹೋಗಿ ಕೇಳಿ. ಆನ್‌ಲೈನ್‌ನಲ್ಲಿ ಮೇಲಿಂದ ಸೇರಿಸುವ ಶುಲ್ಕ ಉಳಿಯುತ್ತದೆ. ಹೊಸ ನಾಟಕವನ್ನು ನೋಡಬೇಕು ಅನ್ನಿಸಿದರೆ ಅದನ್ನೇ ಮೊದಲು ನೋಡಿ. ‘ವಿಕೆಡ್’ ನಿಮ್ಮ ಮುಂದಿನ ಪ್ರವಾಸಕ್ಕೂ ಇರುವ ಸಾಧ್ಯತೆ ಹೆಚ್ಚು.

— ಸಂಪಾದಕ