ಕಾರು ಹೆಂಡತಿ ಹೆಸರಲ್ಲಿದೆ, ಶಿವಮೊಗ್ಗದಲ್ಲಿ ಓಡಿಸೋದು ನಾನು. ಟ್ಯಾಕ್ಸ್, ಇನ್ಶೂರೆನ್ಸ್ ನನ್ನ ಹೆಸರಲ್ಲಿ ಕಟ್ಟಬಹುದಾ?

ದುಡ್ಡು ಯಾರು ಬೇಕಾದರೂ ಕಟ್ಟಬಹುದು. ಆದರೆ ಪಾಲಿಸಿ ಮಾತ್ರ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರ ಹೆಸರಲ್ಲೇ ಇರಬೇಕು. ಇಲ್ಲದಿದ್ದರೆ ಆಗುಂಬೆ ಘಾಟಿಯಲ್ಲಿ ಮಳೆಗೆ ಮರದ ಕೊಂಬೆ ಬಿದ್ದು ಬಾನೆಟ್ ಜಜ್ಜಿದ ದಿನ ಕ್ಲೇಮಿಗೆ ತಕರಾರು ಬರುತ್ತದೆ.

ಟ್ಯಾಕ್ಸ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಕರ್ನಾಟಕದಲ್ಲಿ ಸ್ವಂತ ಬಳಕೆಯ ಹೊಸ ಕಾರಿಗೆ ನೋಂದಣಿ ಮಾಡಿಸುವಾಗಲೇ ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿರುತ್ತಾರೆ. ವರ್ಷ ವರ್ಷ ಕಟ್ಟುವ ಗೋಜಿಲ್ಲ.

ನೀವು ಓಡಿಸಲು ಅಡ್ಡಿಯಿಲ್ಲ, ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ಸಾಕು. ಜಾಸ್ತಿ ಜನ ಎಡವೋದು ಬೇರೆ ಕಡೆ. ಪಾಲಿಸಿಯಲ್ಲಿ 'ಓನರ್-ಡ್ರೈವರ್' ಅಂತ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಒಂದು ಸಾಲಿನಲ್ಲಿ ಇರುತ್ತದೆ, ನೋಡಿದ್ದೀರಲ್ವಾ? ಅದು ಕಾರಿನ ಮಾಲೀಕರಾದ ನಿಮ್ಮ ಹೆಂಡತಿಗೆ, ನಿಮಗಲ್ಲ. ಅವರಿಗೂ ಸಿಗಬೇಕಾದರೆ ಅವರ ಹತ್ತಿರ ಲೈಸೆನ್ಸ್ ಇರಬೇಕು. ಲೈಸೆನ್ಸ್ ಇಲ್ಲ ಅಂದರೆ ಸುಮ್ನೆ ಆ ಪ್ರೀಮಿಯಂ ಕಟ್ಟಬೇಡಿ, ಏಜೆಂಟರಿಗೆ ಹೇಳಿ ತೆಗೆಸಿ. ದಿನಾ ಸ್ಟೀರಿಂಗ್ ಹಿಡಿಯೋದು ನೀವೇ ಆದ್ದರಿಂದ, ನಿಮ್ಮ ಹೆಸರಲ್ಲಿ ಬೇರೆಯೇ ಅಪಘಾತ ವಿಮೆ ಮಾಡಿಸಿಕೊಳ್ಳೋದು ಒಳ್ಳೇದು.

ಇನ್ನೊಂದು: ನಿಮ್ಮ ಹಳೇ ಕಾರಿನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ನಿಮ್ಮ ಹೆಂಡತಿಯ ಕಾರಿಗೆ ಬರೋದಿಲ್ಲ. ಅದು ಪಾಲಿಸಿದಾರರ ಸ್ವತ್ತು, ಗಂಡ ಹೆಂಡತಿ ಅನ್ನೋ ವಿನಾಯಿತಿ ಇಲ್ಲ. 50% ತನಕ ಬೆಳೆದಿದ್ದರೆ ಹೊಟ್ಟೆ ಉರಿಯುತ್ತೆ, ನಿಜ.

ಮುಂದೆ ಕಾರನ್ನೇ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳೋದಾದರೆ ಆರ್‌ಟಿಒಗೆ ಫಾರ್ಮ್ 29, 30 ಕೊಡಬೇಕು. ವರ್ಗಾವಣೆಯಾದ 14 ದಿನದೊಳಗೆ ವಿಮಾ ಕಂಪನಿಗೂ ತಿಳಿಸಿ.