ಆತ್ಮಶೋಧನೆ ಭಾರವಾದಾಗ

ಪ್ರಿಯ ಸಹೋದರಿ,

ನಿಮ್ಮ ಪತ್ರ ತಲುಪಿತು. ಹೆಸರು, ಊರು ಹಾಕದೆ ಪತ್ರಿಕೆಯಲ್ಲೇ ಉತ್ತರ ಕೊಡಿ, ನನ್ನಂತೆ ಒದ್ದಾಡುವವರು ಇನ್ನೂ ಇರಬಹುದು ಎಂದು ನೀವೇ ಕೇಳಿಕೊಂಡಿರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ. ಉಳಿದ ಓದುಗರಿಗಾಗಿ ನಿಮ್ಮ ಮಾತನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಒಂದು ಉಪವಾಸ ಪ್ರಾರ್ಥನೆಯಲ್ಲಿ, ದಿನವೂ ಹೃದಯವನ್ನು ಪರೀಕ್ಷಿಸಿಕೊಳ್ಳದವರು ದೇವರನ್ನು ಕಾಣಲಾರರು ಎಂಬ ಪ್ರಸಂಗ ಕೇಳಿದಿರಿ. ಅಂದಿನಿಂದ ಮನೆಯವರೆಲ್ಲ ಮಲಗಿದ ಮೇಲೆ ಅಡುಗೆಮನೆಯಲ್ಲಿ ಕೂತು ಆ ದಿನದ ಪಾಪಗಳನ್ನು ನೋಟ್‌ಪುಸ್ತಕದಲ್ಲಿ ಬರೆಯುತ್ತಿದ್ದೀರಿ. ಮೊದಮೊದಲು ಮನಸ್ಸು ಹಗುರವಾಗುತ್ತಿತ್ತು. ಈಗ ಬರೆದಷ್ಟೂ ಪಟ್ಟಿ ಬೆಳೆಯುತ್ತಿದೆ, ನಿದ್ದೆ ಹಾರಿಹೋಗಿದೆ, ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ನಾಲ್ಕು ತಿಂಗಳಿಂದ ಎದ್ದು ಹೋಗಿಲ್ಲ. ಶುದ್ಧ ಹೃದಯ ನನ್ನ ಹಣೆಯಲ್ಲೇ ಬರೆದಿಲ್ಲವೇನೋ ಎಂದು ಕೇಳಿದ್ದೀರಿ. ಇದನ್ನೆಲ್ಲ ಬಿಟ್ಟುಬಿಡಲೇ ಎಂದೂ, ಹನ್ನೆರಡು ವರ್ಷದ ಮಗಳಿಗೆ ಕಲಿಸಲೇ ಎಂದೂ ಕೇಳಿದ್ದೀರಿ.

ಬಿಡಬೇಡಿ. ಆದರೆ ಈಗ ಮಾಡುತ್ತಿರುವ ರೀತಿಯಲ್ಲಿ ಇನ್ನೊಂದು ರಾತ್ರಿಯೂ ಮಾಡಬೇಡಿ.

ಕರ್ತನ ಭೋಜನದ ಮಾತನ್ನು ಮೊದಲು ಎತ್ತಿಕೊಳ್ಳುತ್ತೇನೆ, ಅದು ತುರ್ತಿನದು. ನಿಮ್ಮನ್ನು ತಡೆದಿರುವುದು ಬೈಬಲಿನಲ್ಲಿ ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 11ನೆಯ ಅಧ್ಯಾಯ: ಅಯೋಗ್ಯವಾಗಿ ರೊಟ್ಟಿಯನ್ನು ತಿನ್ನುವವನು, ಪಾತ್ರೆಯಲ್ಲಿ ಕುಡಿಯುವವನು ಅಪರಾಧಿಯಾಗುತ್ತಾನೆ ಎಂಬ ಮಾತು. ಈ ಒಂದು ವಚನವನ್ನು ಹಿಡಿದು ಸಭೆಯನ್ನು ಹೆದರಿಸುವುದನ್ನು ನಾನೂ ಕೇಳಿದ್ದೇನೆ. ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಹೆದರಬೇಕಾದವರು ನಿಶ್ಚಿಂತೆಯಿಂದ ಮುಂದೆ ಹೋಗುತ್ತಾರೆ, ನಿಮ್ಮಂಥವರು ಹಿಂದಿನ ಬೆಂಚಿಗೆ ಸರಿಯುತ್ತಾರೆ. ಅದೇ ಅಧ್ಯಾಯವನ್ನು 17ನೆಯ ವಚನದಿಂದ ಓದಿ ನೋಡಿ. ಕೊರಿಂಥದಲ್ಲಿ ಉಳ್ಳವರು ಕಾಯದೆ ತಮ್ಮ ಊಟವನ್ನು ತಾವು ಮುಗಿಸುತ್ತಿದ್ದರು. ಏನೂ ಇಲ್ಲದವರು ಹಸಿದ ಹೊಟ್ಟೆಯಲ್ಲೇ ಉಳಿಯುತ್ತಿದ್ದರು. ಒಬ್ಬನಿಗೆ ಹಸಿವು, ಇನ್ನೊಬ್ಬನಿಗೆ ಕುಡಿದ ಅಮಲು, ಹೆಸರಿಗೆ ಮಾತ್ರ ಅದು ಕರ್ತನ ಮೇಜು. ಪೌಲನ ಸಿಟ್ಟು ಆ ಮೇಜಿನ ಮೇಲೆ ನಡೆಯುತ್ತಿದ್ದ ಅವಮಾನದ ಮೇಲೆ. ಪ್ರಾರ್ಥನೆಯ ನಡುವೆ ಮನಸ್ಸು ಚದುರಿತೆಂದು ಅಳುವ ಹೆಣ್ಣುಮಗಳು ಅವನ ಎದುರಿಗಿರಲಿಲ್ಲ. 28ನೆಯ ವಚನದಲ್ಲಿ ಅವನು ಹೇಳುವುದೂ ಪರೀಕ್ಷಿಸಿಕೊಂಡು ತಿನ್ನಲಿ, ಕುಡಿಯಲಿ ಎಂದು. ಪರೀಕ್ಷಿಸಿಕೊಂಡು ದೂರ ಕೂರಲಿ ಎಂಬ ಮಾತು ಅಲ್ಲೆಲ್ಲೂ ಇಲ್ಲ. ನಿಮ್ಮ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ ನಡೆಯುತ್ತದೆ ಎಂದಿದ್ದೀರಿ. ಈ ಸಾರಿ ಎದ್ದು ಹೋಗಿ. ಅದಕ್ಕೆ ಮುಂಚೆ ಆಗಬೇಕಾದ ಕೆಲಸ ಒಂದಿದೆ, ಅಲ್ಲಿಗೇ ಬರುತ್ತಿದ್ದೇನೆ.

ಪತ್ರದ ಜೊತೆ ನೋಟ್‌ಪುಸ್ತಕದ ಒಂದು ವಾರದ ಜೆರಾಕ್ಸ್ ಕಳುಹಿಸಿದ್ದೀರಿ. ಅದನ್ನು ಮೇಜಿನ ಮೇಲೆ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಸೋಮವಾರ: ಅಹಂಕಾರ, ಕೋಪ, ಅಸೂಯೆ, ಅಲ್ಪವಿಶ್ವಾಸ, ಪ್ರಾರ್ಥನೆಯಲ್ಲಿ ಮನಸ್ಸು ಚಂಚಲ. ಮಂಗಳವಾರವೂ ಅವೇ. ಗುರುವಾರ ಕೋಪದ ಕೆಳಗೆ ಎರಡು ಅಡ್ಡಗೆರೆ. ಯಾರ ಮೇಲೆ ಕೋಪ ಬಂತು, ಬಾಯಿಂದ ಏನು ಹೊರಟಿತು, ಕೇಳಿಸಿಕೊಂಡವರಿಗೆ ಏನಾಯಿತು ಎಂಬುದು ಇಡೀ ಪುಟದಲ್ಲಿ ಒಂದು ಕಡೆಯೂ ಇಲ್ಲ. ಒಬ್ಬ ಮನುಷ್ಯರ ಹೆಸರೂ ಇಲ್ಲ. ಆದರೆ ಪತ್ರದ ಐದನೆಯ ಪುಟದಲ್ಲಿ, ಬೇರೇನೋ ಹೇಳುತ್ತ ನಡುವೆ ಹೀಗೆ ಬರೆದಿದ್ದೀರಿ: 'ಓರಗಿತ್ತಿಯ ಜೊತೆ ಮಾತಿಲ್ಲ. ಅತ್ತೆ ತೀರಿಕೊಂಡಾಗ ಅವರ ಬಳೆಗಳು ನನ್ನಲ್ಲೇ ಉಳಿದವು, ಒಂದು ಜೊತೆ ಅವಳಿಗೆ ಸೇರಬೇಕಿತ್ತು. ಅದು ಬೇರೆ ವಿಷಯ, ಬಿಡಿ.' ಇದನ್ನು ಅಚ್ಚು ಹಾಕಬಹುದೇ ಎಂದು ಫೋನಿನಲ್ಲಿ ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಕಿ ಎಂದಿರಿ. ನಿಮ್ಮ ಧೈರ್ಯಕ್ಕೆ ವಂದನೆ.

ಅದು ಬೇರೆ ವಿಷಯವಲ್ಲ, ಸಹೋದರಿ. ಎರಡು ವರ್ಷದಿಂದ ನೀವು ಹುಡುಕುತ್ತಿರುವುದು ಬಹುಶಃ ಅದನ್ನೇ. ಅಹಂಕಾರ, ಅಲ್ಪವಿಶ್ವಾಸ ಎಂಬ ದೊಡ್ಡ ದೊಡ್ಡ ಮಾತುಗಳನ್ನು ಎಷ್ಟು ಬರೆದರೂ ಬೀರುವಿನ ಬಾಗಿಲು ತೆರೆಯಬೇಕಾಗಿಲ್ಲ, ಯಾರ ಮನೆಯ ಮೆಟ್ಟಿಲನ್ನೂ ಹತ್ತಬೇಕಾಗಿಲ್ಲ. ಲೂಕನ ಸುವಾರ್ತೆಯ 19ನೆಯ ಅಧ್ಯಾಯದಲ್ಲಿ ಬರುವ, ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನನ್ನು ನೆನಪಿಸಿಕೊಳ್ಳಿ. ಯೇಸು ಅವನ ಮನೆಗೆ ಬಂದಾಗ ಅವನು ತನ್ನ ಹೃದಯದ ಕೊಳೆಯ ವರ್ಣನೆಗೆ ಇಳಿಯಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ಸು ಎಂದು ಲೆಕ್ಕ ಒಪ್ಪಿಸಿದ. ಈ ಮನೆಗೆ ಈಹೊತ್ತು ರಕ್ಷಣೆಯಾಯಿತು ಎಂಬ ಮಾತು ಬಂದದ್ದು ಅದನ್ನು ಕೇಳಿದ ಮೇಲೆ. ಬೆಟ್ಟದ ಪ್ರಸಂಗದಲ್ಲಿಯೂ ಯೇಸು ಹೇಳುವುದು ಇದನ್ನೇ. ಯಜ್ಞವೇದಿಯ ಮುಂದೆ ಕಾಣಿಕೆ ಹಿಡಿದು ನಿಂತಿರುವಾಗ, ನಿನ್ನ ಮೇಲೆ ಸಹೋದರನಿಗೆ ಏನೋ ಇದೆ ಎಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ಒಂದಾಗು, ಆಮೇಲೆ ಬಾ ಎನ್ನುತ್ತಾನೆ. ಭಾನುವಾರಕ್ಕೆ ಇನ್ನೂ ದಿನಗಳಿವೆ. ಬಳೆಗಳನ್ನು ತೆಗೆದುಕೊಂಡು ಹೋಗಿ ಓರಗಿತ್ತಿಯ ಕೈಗೆ ಕೊಡಿ. ಜೊತೆಗೆ ವಿವರಣೆ ಬೇಡ, ಆಗ ಹಾಗಾಯಿತು ಹೀಗಾಯಿತು ಎಂಬ ಸಮಜಾಯಿಷಿ ಬೇಡವೇ ಬೇಡ. 'ಇದು ನಿನಗೆ ಸೇರಬೇಕಾದದ್ದು, ನಾನು ಇಟ್ಟುಕೊಂಡದ್ದು ತಪ್ಪು' ಎಂದರೆ ಸಾಕು. ಅವರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಬಹುದು, ಮುಖ ತಿರುಗಿಸಲೂಬಹುದು. ಅದರ ಹೊಣೆ ನಿಮ್ಮದಲ್ಲ. ಕೊಟ್ಟು ಬಂದ ಮೇಲೆ, ಅವರು ಹೇಗೆ ನಡೆದುಕೊಂಡರು ಎಂಬುದಕ್ಕೆ ಕಾಯದೆ ಕರ್ತನ ಮೇಜಿಗೆ ಹೋಗಿ.

ಇಷ್ಟು ಹತ್ತಿರ ಇದ್ದದ್ದು ಎರಡು ವರ್ಷ ಕಾಣಲಿಲ್ಲವೇ ಎಂದು ನೊಂದುಕೊಳ್ಳಬೇಡಿ. ದಾವೀದನಿಗೂ ಕಾಣಲಿಲ್ಲ. ಊರೀಯನ ಹೆಂಡತಿಯನ್ನು ಕಸಿದು, ಊರೀಯನನ್ನು ಯುದ್ಧದಲ್ಲಿ ಸಾಯಿಸಿ ಅರಮನೆಯಲ್ಲಿ ಸುಖವಾಗಿದ್ದ ಅರಸನ ಬಳಿಗೆ ಪ್ರವಾದಿ ನಾತಾನನು ಬಂದು, ಬಡವನ ಒಂದೇ ಒಂದು ಕುರಿಮರಿಯನ್ನು ಐಶ್ವರ್ಯವಂತನೊಬ್ಬ ಕಿತ್ತುಕೊಂಡ ಕಥೆ ಹೇಳಿದ. ದಾವೀದ ಕಿಡಿಕಿಡಿಯಾದ, ಆ ಕುರಿಗೆ ನಾಲ್ಕರಷ್ಟು ಕೊಡಲೇಬೇಕು ಎಂದು ತೀರ್ಪು ಕೊಟ್ಟ. ಬೇರೆಯವರ ಕುರಿಯ ಲೆಕ್ಕ ಅವನಿಗೆ ಬಾಯಿಪಾಠವಾಗಿತ್ತು! ಆ ಮನುಷ್ಯ ನೀನೇ ಎಂದು ನಾತಾನ ಹೇಳಬೇಕಾಯಿತು. ಶುದ್ಧ ಹೃದಯವನ್ನು ಬೇಡುವ 51ನೆಯ ಕೀರ್ತನೆಯ ತಲೆಬರಹ ಈ ಘಟನೆಯನ್ನೇ ಹೇಳುತ್ತದೆ. ಅಲ್ಲಿ ದಾವೀದ ಬೇಡುವುದು ನನ್ನಲ್ಲಿ ಶುದ್ಧ ಹೃದಯವನ್ನು ಸೃಷ್ಟಿಸು ಎಂದು. ಉಜ್ಜಿ ಉಜ್ಜಿ ನಾನೇ ಶುದ್ಧ ಮಾಡಿಕೊಳ್ಳುತ್ತೇನೆ ಎಂಬ ಭರವಸೆ ಅವನಿಗೆ ಉಳಿದಿರಲಿಲ್ಲ. ನಿಮ್ಮ ಪತ್ರವನ್ನು ಓದುವಾಗ ನನಗೆ ಕಾಡಿದ್ದು ಇದೇ: ಅಡುಗೆಮನೆಯಲ್ಲಿ ಆರೋಪಿಯೂ ನೀವೇ, ಸಾಕ್ಷಿಯೂ ನೀವೇ, ನ್ಯಾಯಾಧೀಶರೂ ನೀವೇ. ದೇವರಿಗೆ ಮಾತ್ರ ಕುರ್ಚಿ ಹಾಕಿಲ್ಲ.

ಪರೀಕ್ಷಿಸಿಕೊಳ್ಳಿರಿ ಎಂದ ಅದೇ ಪೌಲ ಅದೇ ಪತ್ರಿಕೆಯ 4ನೆಯ ಅಧ್ಯಾಯದಲ್ಲಿ, ನನ್ನ ಬಗ್ಗೆ ನಾನು ತೀರ್ಪು ಮಾಡಿಕೊಳ್ಳುವುದಿಲ್ಲ, ನನ್ನನ್ನು ವಿಚಾರಿಸುವವನು ಕರ್ತನೇ ಎನ್ನುತ್ತಾನೆ. 139ನೆಯ ಕೀರ್ತನೆಯ ಕೊನೆಯ ಪ್ರಾರ್ಥನೆಯೂ, ದೇವರೇ ನೀನು ನನ್ನನ್ನು ಪರೀಕ್ಷಿಸು ಎಂದು. ಆ ಪ್ರಾರ್ಥನೆಗೆ ಸ್ವಲ್ಪ ಮುಂಚೆ ಕೀರ್ತನೆಗಾರ ದುಷ್ಟರ ಮೇಲೆ ಬೆಂಕಿ ಕಾರಿದ್ದಾನೆ, ಅವರನ್ನು ಪೂರ್ಣ ಮನಸ್ಸಿನಿಂದ ದ್ವೇಷಿಸುತ್ತೇನೆ ಎಂದಿದ್ದಾನೆ. ಆ ಕಾವು ಆರುವ ಮೊದಲೇ ಬಂದದ್ದು ನನ್ನಲ್ಲಿ ಕೇಡಿನ ದಾರಿ ಇದೆಯೋ ನೋಡು ಎಂಬ ಮಾತು. ಮನಸ್ಸನ್ನು ಮೊದಲು ತೊಳೆದು ಒಪ್ಪವಾಗಿಸಿ ಆಮೇಲೆ ದೇವರ ಮುಂದೆ ತಂದವನಲ್ಲ ಅವನು. ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಮೊರವನ್ನು ಬಾಗಿಲ ಬೆಳಕಿಗೆ ತರುತ್ತೀರಲ್ಲವೇ, ಹಾಗೆ ಇದ್ದದ್ದನ್ನು ಇದ್ದಂತೆಯೇ ತಂದಿಟ್ಟ.

ನಿಮ್ಮ ಬೇಗೆ ಹೊಸದೇನಲ್ಲ. 1521ರಲ್ಲಿ ಸ್ಪೇನಿನ ಪಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿಯ ಗುಂಡು ತಗಲಿ ಕಾಲು ಮುರಿದುಕೊಂಡ ಸೈನಿಕನೊಬ್ಬ ಹಾಸಿಗೆಯಲ್ಲಿ ಮಲಗಿದ್ದಾಗ ಕ್ರಿಸ್ತನ ಕಡೆಗೆ ತಿರುಗಿದ. ಇಗ್ನೇಷಿಯಸ್ ಲೊಯೋಲಾ ಅವನು. ಮರುವರ್ಷ ಮೊಂಟ್ಸೆರಾಟ್ ಮಠದಲ್ಲಿ ಇಡೀ ಬದುಕಿನ ಪಾಪಗಳನ್ನು ಬರೆದುಕೊಂಡು ಮೂರು ದಿನ ಪಾಪನಿವೇದನೆ ಮಾಡಿದ. ಹತ್ತಿರದ ಮನ್ರೇಸಾಕ್ಕೆ ಬಂದ ಮೇಲೂ ಏನೋ ಬಿಟ್ಟುಹೋಗಿದೆ ಎಂಬ ಹುಳು ಕೊರೆಯುತ್ತಲೇ ಇತ್ತು. ಮತ್ತೆ ನಿವೇದನೆ, ಮತ್ತೆ ಅನುಮಾನ. ತೀರ ಸ್ಪಷ್ಟವಾದದ್ದನ್ನು ಬಿಟ್ಟು ಹಳೆಯದನ್ನು ಎತ್ತಬೇಡ ಎಂದು ಗುರುಗಳು ಹೇಳಿದರೆ, ಅವನಿಗೆ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತಿತ್ತು. ಒಂದು ವಾರ ಅನ್ನ ನೀರು ಬಿಟ್ಟ. ಪ್ರಾಣವನ್ನೇ ಕಳೆದುಕೊಳ್ಳುವ ಯೋಚನೆಯೂ ಬಂದುಹೋಯಿತು. ಕೊನೆಗೆ, ಈ ಕೊರೆತ ದೇವರಿಂದ ಬಂದದ್ದಲ್ಲ ಎಂದು ಮನಸ್ಸಿಗೆ ಹೊಳೆದು ಹಳೆಯ ಪಾಪಗಳನ್ನು ಮತ್ತೆ ಕೆದಕುವುದನ್ನು ನಿಲ್ಲಿಸಿದ. ಅದಕ್ಕೂ ಕೆಲವು ವರ್ಷ ಮುಂಚೆ ಜರ್ಮನಿಯ ಎರ್ಫರ್ಟ್ ಮಠದಿಂದ ಬಂದ ಮಾರ್ಟಿನ್ ಲೂಥರನದೂ ಇದೇ ಪಾಡಾಗಿತ್ತು. ಗಂಟೆಗಟ್ಟಲೆ ಪಾಪ ಹೇಳಿಕೊಳ್ಳುತ್ತಿದ್ದ ಅವನಿಗೆ, ನಿನ್ನನ್ನು ನೋಡಿಕೊಂಡದ್ದು ಸಾಕು, ಕ್ರಿಸ್ತನ ಗಾಯಗಳನ್ನು ನೋಡು ಎಂದು ಹಿರಿಯರಾದ ಸ್ಟೌಪಿಟ್ಸ್ ಹೇಳಬೇಕಾಯಿತು. ಮುಂದೆ ಇವರಿಬ್ಬರ ದಾರಿ ದೂರ ದೂರವಾಯಿತು: ಇಗ್ನೇಷಿಯಸ್ ಕಥೋಲಿಕ ಸಭೆಯಲ್ಲೇ ಉಳಿದ, ಲೂಥರ್ ಅದರಿಂದ ಬೇರೆಯಾದ. ನರಳಿದ್ದು ಮಾತ್ರ ಒಂದೇ ನೋವಿನಲ್ಲಿ.

ಅಷ್ಟು ನರಳಿದ ಇಗ್ನೇಷಿಯಸ್ ತನ್ನ ಆಧ್ಯಾತ್ಮಿಕ ಸಾಧನೆಯ ಪುಸ್ತಕದಲ್ಲಿ ದಿನದ ಶೋಧನೆಗೆ ಒಂದು ಕ್ರಮ ಬರೆದಿಟ್ಟ. 1548ರಲ್ಲಿ ಪೋಪ್ ಮೂರನೆಯ ಪೌಲರು ಒಪ್ಪಿಗೆ ಕೊಟ್ಟ ಪುಸ್ತಕ ಅದು. 1880ರಲ್ಲಿ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದವರು ಅವನು ಕಟ್ಟಿದ ಯೇಸುಸಭೆಯ (ಜೆಸ್ವಿಟ್) ಗುರುಗಳೇ. ಆ ಕ್ರಮದ ಮೊದಲ ಹೆಜ್ಜೆ ಕೃತಜ್ಞತೆ. ಪಾಪದ ಸುದ್ದಿ ಆಮೇಲೆ. ಎರಡನೆಯದು, ನೋಡುವ ಕಣ್ಣು ಕೊಡು ಎಂದು ಕೃಪೆಯನ್ನು ಬೇಡುವುದು. ಆಮೇಲೆ ದಿನವನ್ನು ಹೊತ್ತುಹೊತ್ತಾಗಿ ತಿರುವಿ ನೋಡುವುದು, ಕ್ಷಮೆ ಕೇಳುವುದು, ನಾಳೆ ಏನು ತಿದ್ದಿಕೊಳ್ಳಬೇಕೆಂದು ದೇವರ ಸಹಾಯದಿಂದ ನಿಶ್ಚಯಿಸುವುದು. ಎಣಿಕೆಯನ್ನೂ ಅವನು ಪೂರ್ತಿ ಕೈಬಿಡಲಿಲ್ಲ, ಗೆರೆ ಎಳೆದು ಚುಕ್ಕಿ ಇಡುವುದನ್ನು ಹೇಳಿಕೊಟ್ಟಿದ್ದಾನೆ. ಆದರೆ ಅದು ತಿದ್ದಿಕೊಳ್ಳಲು ಆರಿಸಿಕೊಂಡ ಒಂದೇ ಒಂದು ದೋಷಕ್ಕೆ. ಹದಿನೈದು ದೋಷಗಳ ಪಟ್ಟಿ ಹಿಡಿದು ಯುದ್ಧಕ್ಕೆ ಹೊರಡು ಎಂದು ಅವನು ಯಾರಿಗೂ ಹೇಳಲಿಲ್ಲ.

ನೀವು ಮಾಡಬಹುದಾದದ್ದು ಇಷ್ಟು. ನಡುರಾತ್ರಿಯ ಹೊತ್ತನ್ನು ಬಿಡಿ, ದಣಿದ ಮನಸ್ಸಿಗೆ ಎಲ್ಲವೂ ಕಪ್ಪಾಗಿಯೇ ಕಾಣುತ್ತದೆ. ಸಂಜೆ ದೀಪ ಹಾಕಿದ ಮೇಲೆ, ರಾತ್ರಿ ಅಡುಗೆಗೆ ಮೊದಲು ಕಾಲು ಗಂಟೆ ಕೂತರೆ ಸಾಕು, ಅದಕ್ಕಿಂತ ಹೆಚ್ಚು ಬೇಡ. ದಿನದಲ್ಲಿ ದೇವರು ಕೊಟ್ಟದ್ದನ್ನು ಹೆಸರು ಹಿಡಿದು ನೆನೆಯಿರಿ: ಬಸ್ಸಿನಲ್ಲಿ ಎದ್ದು ಜಾಗ ಕೊಟ್ಟ ಹುಡುಗ, ಮಗಳ ಜ್ವರ ಇಳಿದದ್ದು, ಯಾವುದಾದರೂ ಸರಿ. ಆಮೇಲೆ ಆ ದಿನ ಎದುರಾದ ಮುಖಗಳನ್ನು ನೆನಪಿಗೆ ತಂದುಕೊಳ್ಳಿ. ಯಾವ ಮುಖದ ಹತ್ತಿರ ಮನಸ್ಸು ಅಳುಕಿತೋ ಅಲ್ಲಿ ನಿಲ್ಲಿ. ಕ್ಷಮೆ ಕೇಳಿ. ಅವರಿಗೆ ನಾಳೆ ಮಾಡಬೇಕಾದದ್ದು ಏನಾದರೂ ಇದ್ದರೆ ಅದೊಂದನ್ನೇ ಬರೆದುಕೊಳ್ಳಿ. ಏನೂ ಹೊಳೆಯದಿದ್ದರೆ ಕೆದಕಲು ಹೋಗದೆ ಕರ್ತನ ಪ್ರಾರ್ಥನೆ ಹೇಳಿ ಏಳಿ. ಕ್ಷಮಿಸಿದ್ದು ಖಚಿತವೇ ಎಂಬ ಅನುಮಾನ ಮತ್ತೆ ಎದ್ದರೆ ಯೋಹಾನನ ಮೊದಲ ಪತ್ರಿಕೆಯ 3ನೆಯ ಅಧ್ಯಾಯ ತೆರೆಯಿರಿ. ನಮ್ಮ ಹೃದಯ ನಮ್ಮನ್ನು ಖಂಡಿಸಿದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು ಎಂದು ಅಲ್ಲಿ ಬರೆದಿದೆ.

ಒಬ್ಬರೇ ಮಾಡಬೇಡಿ ಎಂಬುದನ್ನು ಒತ್ತಿ ಹೇಳುತ್ತೇನೆ. ನಿಮ್ಮದು ವೆಸ್ಲಿಯನ್ ಮಿಷನ್ ಕಟ್ಟಿದ, 1947ರಲ್ಲಿ ದಕ್ಷಿಣ ಭಾರತ ಸಭೆಗೆ ಸೇರಿದ ಮೈಸೂರು ಸೀಮೆಯ ಸಭೆ. ಆ ಪರಂಪರೆಯ ಮೂಲಪುರುಷ ಜಾನ್ ವೆಸ್ಲಿ 1738ರ ಕ್ರಿಸ್ಮಸ್ ದಿನ ಚಿಕ್ಕ ಚಿಕ್ಕ ಕೂಟಗಳಿಗೆ ನಿಯಮಗಳನ್ನು ಬರೆದಾಗ, ವಾರಕ್ಕೊಮ್ಮೆ ಸೇರಿ ಪರಸ್ಪರ ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನೂ ಸೇರಿಸಿದ್ದ: ಗೊತ್ತಿದ್ದೂ ಮಾಡಿದ ಪಾಪ ಯಾವುದು, ಯಾವ ಪ್ರಲೋಭನೆ ಎದುರಾಯಿತು, ಅದರಿಂದ ಹೇಗೆ ಪಾರಾದಿರಿ. ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆ ಮಾಡಿ ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಿರಿ ಎಂಬ, ಬೈಬಲಿನ ಯಾಕೋಬನ ಪತ್ರಿಕೆಯ ಮಾತೇ ಅದಕ್ಕೆ ಬುನಾದಿ. ಈಗ ನಮ್ಮ ಸ್ತ್ರೀಯರ ಕೂಟಗಳಲ್ಲಿ ಹಾಡು, ಪ್ರಸಂಗ, ಚಹಾ ಎಲ್ಲ ಇದೆ, ಇಂಥ ಮಾತು ಮಾತ್ರ ಕಾಣೆಯಾಗಿದೆ. ನನಗೆ ಇದು ದೊಡ್ಡ ನಷ್ಟವಾಗಿ ಕಾಣುತ್ತದೆ. ಬಾಯಿ ಭದ್ರವಿರುವ ಹಿರಿಯ ಅಮ್ಮ ಒಬ್ಬರು ನಿಮ್ಮ ಸಭೆಯಲ್ಲಿ ಇದ್ದೇ ಇರುತ್ತಾರೆ. ವಾರಕ್ಕೊಮ್ಮೆ ಅವರ ಮುಂದೆ ಮನಸ್ಸು ತೆರೆಯಿರಿ. ಇಷ್ಟಾದ ಮೇಲೂ ಒಂದೇ ಪಾಪದ ಸುತ್ತ ಮನಸ್ಸು ಗಿರಕಿ ಹೊಡೆಯುತ್ತಿದ್ದರೆ, ನಿದ್ದೆ ಮರಳಿ ಬಾರದಿದ್ದರೆ, ಮನೋವೈದ್ಯರನ್ನು ಕಾಣಿ. ಪಾಪದ ಭಯವೇ ಕಾಯಿಲೆಯ ರೂಪ ತಾಳುವುದುಂಟು, ಅದಕ್ಕೆ ಚಿಕಿತ್ಸೆಯೂ ಉಂಟು. ಹಾಗೆ ಹೋದವರ ವಿಶ್ವಾಸ ಕಡಿಮೆಯೆಂದು ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಇನ್ನು ಮಗಳು. ಅವಳ ಕೈಗೆ ಪಾಪದ ನೋಟ್‌ಪುಸ್ತಕ ಕೊಡಬೇಡಿ, ನಿಮ್ಮದನ್ನು ತೋರಿಸಲೂ ಬೇಡಿ. ಮಲಗುವ ಮುನ್ನ ಇವತ್ತು ಯಾವುದಕ್ಕೆ ದೇವರಿಗೆ ಸ್ತೋತ್ರ ಹೇಳೋಣ ಎಂದು ಕೇಳಿ, ಅವಳು ಹೇಳಲಿ, ನೀವೂ ಹೇಳಿ. ಸುಮ್ಮಸುಮ್ಮನೆ ಅವಳನ್ನು ಗದರಿಸಿದ ದಿನ ನೀವೇ ಮೊದಲು ಅವಳಲ್ಲಿ ಕ್ಷಮೆ ಕೇಳಿ. ಓರಗಿತ್ತಿಯ ಮನೆಗೆ ಹೋಗುವಾಗ, ಅವಳು ಬರುತ್ತೇನೆಂದರೆ ಕರೆದುಕೊಂಡೇ ಹೋಗಿ. ಯಾಕೆ ಹೋಗುತ್ತಿದ್ದೀರಿ ಎಂದು ದಾರಿಯಲ್ಲಿ ಕೇಳಿದರೆ ಮುಚ್ಚಿಡದೆ ಹೇಳಿ.

ಪ್ರಾರ್ಥನೆಗಳೊಂದಿಗೆ,
ಸಂಪಾದಕ