ಏಪ್ರಿಲ್ 12ರ ನಿಮ್ಮ ಲೇಖನ ವಾಪಸ್ ಕಳಿಸ್ತಿದೀನಿ, ಯಾಕೆ ಅಂತ ಓದಿ

ನಮಸ್ಕಾರ. ನೀವು ಕಳಿಸಿದ ‘ಏಪ್ರಿಲ್ 12: ಜಗತ್ತೇ ಬದಲಾದ ದಿನ’ ಎರಡು ಸಲ ಓದಿದೆ. ಈಗಿರೋ ಹಾಗೆ ಹಾಕೋಕಾಗಲ್ಲ. ‘ಪ್ರಕಟಿಸಲು ಸಾಧ್ಯವಾಗುತ್ತಿಲ್ಲ, ವಿಷಾದಿಸುತ್ತೇವೆ’ ಅಂತ ಒಂದು ಲೈನ್ ಹಾಕಿ ಕೈ ತೊಳ್ಕೋಬಹುದಿತ್ತು, ಆದ್ರೆ ನಿಮ್ಮ ಪಟ್ಟಿ ಒಳಗೆ ನಿಮಗೇ ಗೊತ್ತಿಲ್ದೆ ಒಂದು ಭರ್ಜರಿ ಕಥೆ ಅಡಗಿ ಕೂತಿದೆ, ಅದನ್ನ ಹೇಳ್ದೆ ಇರೋಕೆ ಮನಸ್ಸು ಬರ್ಲಿಲ್ಲ.

ಮೊದ್ಲು ಬೈಯೋದು ಮುಗಿಸ್ಬಿಡ್ತೀನಿ. ಹತ್ತೊಂಬತ್ತು ಘಟನೆ, ಒಂದೊಂದಕ್ಕೆ ಎರಡೆರಡು ವಾಕ್ಯ, ಅದ್ರಲ್ಲಿ ಎರಡನೇದು ಪ್ರತೀ ಸಲ ‘ಇತಿಹಾಸದ ಪುಟ ಸೇರಿತು’. ಇದು ಲೇಖನ ಅಲ್ಲ ರೀ, ಗೋಡೆ ಕ್ಯಾಲೆಂಡರ್ ಹಿಂದೆ ಪ್ರಿಂಟ್ ಮಾಡೋ ಮ್ಯಾಟರ್. ವರ್ಷಕ್ಕೆ 365 ದಿನ, ಮನುಷ್ಯರ ದಾಖಲಾದ ಇತಿಹಾಸ ಸಾವಿರಾರು ವರ್ಷ, ಯಾವ ತಾರೀಖು ಕೆದಕಿದ್ರೂ ಹತ್ತಿಪ್ಪತ್ತು ಯುದ್ಧ, ಹತ್ತಿಪ್ಪತ್ತು ಸಾವು ಸಿಕ್ಕೇ ಸಿಗುತ್ತೆ. ಸಿಕ್ತು ಅನ್ನೋದೇ ಸುದ್ದಿ ಅಲ್ಲ.

ಇನ್ನು ನಿಮ್ಮ ಪೀಠಿಕೆ. ‘ತಾರೀಖುಗಳಿಗೆ ಒಂದು ಮಾಯೆ ಇದೆ, ಶೇಕ್ಸ್‌ಪಿಯರ್ ಮತ್ತು ಸರ್ವಾಂಟಿಸ್ 1616ರ ಏಪ್ರಿಲ್ 23ರ ಒಂದೇ ದಿನ ತೀರಿಕೊಂಡರು’ ಅಂತ ಶುರು ಮಾಡಿದೀರ. ಈ ವಾಕ್ಯ ನೂರು ಕಡೆ ಓದಿರ್ತೀರ, ಅದಕ್ಕೇ ಚೆಕ್ ಮಾಡಿಲ್ಲ. ಆಗ ಕಾದಂಬರಿಕಾರ ಸರ್ವಾಂಟಿಸ್ ಇದ್ದ ಸ್ಪೇನ್‌ನಲ್ಲಿ ಹೊಸ ಗ್ರೆಗೋರಿಯನ್ ಕ್ಯಾಲೆಂಡರ್, ಇಂಗ್ಲೆಂಡ್‌ನಲ್ಲಿ ಇನ್ನೂ ಹಳೇ ಜೂಲಿಯನ್, ಎರಡರ ನಡುವೆ ಹತ್ತು ದಿನ ಅಂತರ. ಅಂದ್ರೆ ಶೇಕ್ಸ್‌ಪಿಯರ್ ಸತ್ತ ದಿನ ಸ್ಪೇನ್ ಲೆಕ್ಕದಲ್ಲಿ ಮೇ 3. ಸಾಲದ್ದಕ್ಕೆ ಸರ್ವಾಂಟಿಸ್ ತೀರಿಕೊಂಡಿದ್ದು 22ಕ್ಕೆ, 23 ಅನ್ನೋದು ಮಣ್ಣು ಮಾಡಿದ ದಿನ. ಒಂದೇ ತಾರೀಖು ಅಂದ್ರೆ ಒಂದೇ ದಿನ ಅಂತ ಅಲ್ಲ. ತಾರೀಖಿನ ಮೇಲೆ ಬರೆಯೋರು ಮೊದ್ಲ ಪ್ಯಾರಾದಲ್ಲೇ ಇಲ್ಲಿ ಎಡವಿದ್ರೆ ಓದುಗ ಮುಂದಿನದ್ಯಾವುದನ್ನೂ ನಂಬಲ್ಲ.

ಈಗ ಒಳ್ಳೇ ವಿಷ್ಯ. ನಿಮ್ಮ ಪಟ್ಟಿಯ 11 ಮತ್ತು 12ನೇ ಐಟಂ ಪಕ್ಕಪಕ್ಕ ಇಟ್ಟು ನೋಡಿ. 11: 1945, ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ನಿಧನ. 12: 1955, ಸಾಕ್ ಅವರ ಪೋಲಿಯೊ ಲಸಿಕೆ ಯಶಸ್ವಿ. ನಡುವೆ ಒಂದು ಗೆರೆ ಎಳೆದು ಮುಂದೆ ಹೋಗ್ಬಿಟ್ಟಿದೀರ! ರೂಸ್‌ವೆಲ್ಟ್‌ಗೆ 1921ರಲ್ಲಿ, 39ನೇ ವಯಸ್ಸಲ್ಲಿ ಕಾಲಿನ ಶಕ್ತಿ ಹೋಯ್ತು, ಪೋಲಿಯೊ ಅಂತ ಹೇಳಿದ್ರು. ಬಿಸಿನೀರಿನ ಬುಗ್ಗೆಯಲ್ಲಿ ಈಜಿದ್ರೆ ಕಾಲು ಸರಿ ಹೋಗಬಹುದು ಅಂತ ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್‌ಗೆ ಹೋದ್ರು, ಕಾಲು ಸರಿ ಹೋಗ್ಲಿಲ್ಲ, ಆದ್ರೆ 1926ರಲ್ಲಿ ಆ ಜಾಗವನ್ನೇ ಕೊಂಡು ಪೋಲಿಯೊ ಆದವರಿಗೆ ಚಿಕಿತ್ಸಾ ಕೇಂದ್ರ ಮಾಡಿದ್ರು. ಅಧ್ಯಕ್ಷರಾದ್ಮೇಲೆ 1938ರಲ್ಲಿ ಪೋಲಿಯೊ ವಿರುದ್ಧ ಒಂದು ರಾಷ್ಟ್ರೀಯ ಪ್ರತಿಷ್ಠಾನ ಹುಟ್ಟುಹಾಕಿದ್ರು, ಜನ ಹತ್ತು ಸೆಂಟಿನ ನಾಣ್ಯಗಳನ್ನ ಲಕೋಟೆಲಿ ಹಾಕಿ ಶ್ವೇತಭವನಕ್ಕೇ ಕಳಿಸಿದ್ರು. ಆ ಚಿಲ್ಲರೆ ದುಡ್ಡಿನ ಪ್ರತಿಷ್ಠಾನವೇ ಮುಂದೆ ಪಿಟ್ಸ್‌ಬರ್ಗ್‌ನಲ್ಲಿ ಜೋನಸ್ ಸಾಕ್ ಸಂಶೋಧನೆಗೆ ದುಡ್ಡು ಕೊಟ್ಟಿದ್ದು, 1954ರಲ್ಲಿ ಸುಮಾರು 18 ಲಕ್ಷ ಮಕ್ಕಳನ್ನ ಸೇರಿಸಿಕೊಂಡು ನಡೆದ ಪ್ರಯೋಗದ ಖರ್ಚು ಹೊತ್ತಿದ್ದು. ಫಲಿತಾಂಶವನ್ನ, ಪ್ರಯೋಗದ ಮೌಲ್ಯಮಾಪನ ಮಾಡಿದ ಥಾಮಸ್ ಫ್ರಾನ್ಸಿಸ್ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಘೋಷಿಸಿದ ದಿನಕ್ಕೆ ರೂಸ್‌ವೆಲ್ಟ್ ಸತ್ತು ಸರಿಯಾಗಿ ಹತ್ತು ವರ್ಷ. ಮತ್ತೆ ಅವರು ಸತ್ತಿದ್ದೆಲ್ಲಿ? ಅದೇ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ, ಚಿತ್ರ ಬರೆಸ್ಕೊಳ್ತಾ ಕೂತಿದ್ದಾಗ ಮೆದುಳಲ್ಲಿ ರಕ್ತಸ್ರಾವ ಆಗಿ.

ಇದನ್ನ ಬರೀರಿ. ತಾರೀಖು ಇಲ್ಲಿ ಬರೀ ಬಾಗ್ಲು, ಒಳಗೆ ಹೋಗಿ ಆ ಹತ್ತು ಸೆಂಟಿನ ನಾಣ್ಯದ ದಾರಿ ಹಿಡೀರಿ. ಸಂಭ್ರಮದಲ್ಲೇ ನಿಲ್ಲಿಸ್ಬೇಡಿ, ಘೋಷಣೆ ಆದ ಕೆಲವೇ ವಾರದಲ್ಲಿ ಒಂದು ತಯಾರಕರ ಲಸಿಕೆಯಲ್ಲಿ ಜೀವಂತ ವೈರಸ್ ಉಳ್ಕೊಂಡು ಮಕ್ಕಳಿಗೇ ಪಾರ್ಶ್ವವಾಯು ಆಗಿ ಕಾರ್ಯಕ್ರಮವನ್ನೇ ಸ್ವಲ್ಪ ದಿನ ನಿಲ್ಲಿಸ್ಬೇಕಾಯ್ತು, ಅದೂ ಬರ್ಲಿ.

ಬಾಹ್ಯಾಕಾಶಕ್ಕೆ ಹೋದ ಮೊದಲ ಮನುಷ್ಯ, ಸೋವಿಯತ್‌ನ ಗಗಾರಿನ್‌ದು (1961) ಮತ್ತೆ ಅಮೆರಿಕದ ಬಾಹ್ಯಾಕಾಶ ನೌಕೆ ಕೊಲಂಬಿಯಾದು (1981) ನೀವು ‘ಇಪ್ಪತ್ತು ವರ್ಷದ ನಂತರ ಅಮೆರಿಕ ಕೊಟ್ಟ ಉತ್ತರ’ ಅಂತ ಜೋಡಿಸಿದೀರ. ಇದು ನೋಡಿ ಡೇಂಜರ್. ಕೊಲಂಬಿಯಾ ಹಾರಬೇಕಿದ್ದಿದ್ದು ಏಪ್ರಿಲ್ 10ಕ್ಕೆ. ಅದರ ನಾಲ್ಕು ಮುಖ್ಯ ಕಂಪ್ಯೂಟರ್‌ಗಳಿಗೂ ಐದನೇ ಬ್ಯಾಕಪ್‌ಗೂ ಟೈಮಿಂಗ್ ಹೊಂದಲಿಲ್ಲ, ಕೌಂಟ್‌ಡೌನ್ ನಿಲ್ಲಿಸಿ ಎರಡು ದಿನ ಮುಂದಕ್ಕೆ ಹಾಕಿದ್ರು, ಅಷ್ಟೇ. ಉತ್ತರವೂ ಇಲ್ಲ ಪ್ರಶ್ನೆಯೂ ಇಲ್ಲ, ಸಾಫ್ಟ್‌ವೇರ್ ಎಡವಟ್ಟು. ನನ್ನ ಕೇಳಿದ್ರೆ ನಿಮ್ಮ ‘ಉತ್ತರ’ಕ್ಕಿಂತ ಆ ಎಡವಟ್ಟೇ ಓದೋಕೆ ಮಜಾ. ಮತ್ತೆ ಗಗಾರಿನ್ ನೌಕೆ ಒಳಗೇ ಕೂತು ಇಳಿದ ಅಂತ ಬರ್ದಿದೀರ, ಅದು ತಪ್ಪು. ಆ 108 ನಿಮಿಷದ ಯಾನದ ಕೊನೆಗೆ ಸುಮಾರು ಏಳು ಕಿಲೋಮೀಟರ್ ಎತ್ತರದಲ್ಲಿ ನೌಕೆಯಿಂದ ಹೊರಗೆ ಚಿಮ್ಮಿ ಬೇರೆಯೇ ಪ್ಯಾರಾಶೂಟಲ್ಲಿ ಇಳಿದಿದ್ದು, ವಿಶ್ವದಾಖಲೆ ಅಂತ ಒಪ್ಕೋಬೇಕಂದ್ರೆ ಪೈಲಟ್ ನೌಕೆ ಜೊತೆಗೇ ಇಳೀಬೇಕು ಅನ್ನೋ ನಿಯಮ ಇದ್ದಿದ್ರಿಂದ ಸೋವಿಯತ್ ಕಡೆಯವರು ಇದನ್ನ ವರ್ಷಗಟ್ಲೆ ಮುಚ್ಚಿಟ್ಟಿದ್ರು.

ಅಮೆರಿಕದ ಅಂತರ್ಯುದ್ಧ ಶುರುವಾದ 1861ರ ಸಮ್ಟರ್ ಕೋಟೆದು ಇನ್ನೊಂದು ಥರ. ಅಲ್ಲಿ ತಾರೀಖು ಆಕಸ್ಮಿಕ ಅಲ್ಲ, ಹೊಟ್ಟೆಪಾಡು. ಕೋಟೆಯೊಳಗಿನ ಸೈನಿಕರಿಗೆ ಆಹಾರ ಮುಗೀತಾ ಬಂದಿತ್ತು, ಲಿಂಕನ್ ಕಳಿಸಿದ ಹಡಗುಗಳು ದಾರೀಲಿದ್ವು, ಅವು ತಲುಪೋಕೆ ಮುಂಚೆ ಕೋಟೆ ಹಿಡೀಬೇಕು ಅಂತ ಬೇರೆಯಾಗಿದ್ದ ದಕ್ಷಿಣ ರಾಜ್ಯಗಳವರು ಬೆಳಗಿನ ಜಾವ ನಾಲ್ಕೂವರೆಗೆ ಫಿರಂಗಿ ಹಾರಿಸಿದ್ರು. ‘ಭೀಕರ ರಕ್ತಪಾತ’ ಅಂತ ನೀವು ಬರ್ದಿದೀರಲ್ಲ, ಸುಮಾರು 34 ಗಂಟೆ ಗುಂಡಿನ ಮಳೆ ಸುರಿದ್ರೂ ಆ ದಾಳಿಲಿ ಒಬ್ಬನೂ ಸಾಯ್ಲಿಲ್ಲ. ಶರಣಾದ್ಮೇಲೆ ಧ್ವಜಕ್ಕೆ ಗೌರವ ಅಂತ ಫಿರಂಗಿ ಹಾರಿಸೋವಾಗ ಸ್ಫೋಟ ಆಗಿ ಸೈನಿಕ ಸತ್ತಿದ್ದು. ರಕ್ತಪಾತ ಆಮೇಲೆ ನಾಲ್ಕು ವರ್ಷ ನಡೀತು, ಆ ಪದ ಅಲ್ಲಿಗೆ ಎತ್ತಿಟ್ಕೊಳ್ಳಿ.

11, 12 ಬಿಟ್ಟು ಉಳಿದ ಹದಿನೇಳೂ ಐಟಂ ಡಿಲೀಟ್ ಮಾಡಿ. ನೋವಾಗುತ್ತೆ, ಹುಡುಕಿ ಹುಡುಕಿ ತಂದಿರ್ತೀರ, ನನಗೂ ಹಾಗೇ ಆಗ್ತಿತ್ತು. ಬೇಕಾದ್ರೆ ಬೇರೆ ಫೈಲಲ್ಲಿ ಇಟ್ಕೊಳ್ಳಿ. ಭಾಷೆ ಬಗ್ಗೆ ಜಾಸ್ತಿ ಹೇಳಲ್ಲ, ‘ಅಜರಾಮರ’ ನಾಲ್ಕು ಸಲ ಬಂದಿದೆ, ನಾಲ್ಕೂ ತೆಗೀರಿ.

ಹೊಸ ಡ್ರಾಫ್ಟ್ ಸಾವಿರದ ಇನ್ನೂರು ಪದದೊಳಗೆ ಇರ್ಲಿ, ರೂಸ್‌ವೆಲ್ಟ್ ಮತ್ತು ಲಸಿಕೆ ಮಾತ್ರ. ಅದನ್ನ ಕಳಿಸೋಕೆ ಮುಂದಿನ ಏಪ್ರಿಲ್ 12ರವರೆಗೆ ಕಾಯ್ಬೇಡಿ, ಬರ್ದು ಮುಗಿದ ದಿನ ಕಳಿಸಿ, ಅದು ನವೆಂಬರ್ ಆಗಿದ್ರೂ ಹಾಕ್ತೀನಿ.